ಮೂರನೇ ಪೀಪಾಯಿ

ತಿಕೋಟಾದ ಕಡೆ ದ್ರಾಕ್ಷಿಬಳ್ಳಿಗಳು ನೀರಿನ ಜೊತೆ ಮಾತನ್ನೂ ಕುಡಿಯುತ್ತವೆ. ಬಳ್ಳಿಯ ಬುಡದಲ್ಲಿ ಆಡಿದ್ದು ವೈನ್ ಕುಡಿದವರಿಗೆ ಕೇಳಿಸುತ್ತದೆ. ಅದಕ್ಕೇ ಅಲ್ಲಿ ಜಗಳಗಂಟರನ್ನು ತೋಟದೊಳಗೆ ಬಿಡುವುದಿಲ್ಲ.

ವೈನ್ ಕೊಳ್ಳಲು ಬಂದ ವ್ಯಾಪಾರಿಯ ಎದುರು ತೋಟದ ಯಜಮಾನ ಈರಸಂಗಪ್ಪ ಮೂರನೇ ಪೀಪಾಯಿಯ ರುಚಿ ನೋಡಿದ. ಮೊದಲು ಕಲ್ಲುನೆಲದ ಒಗರು, ಆಮೇಲೆ ಬಿಸಿಲು. ಗುಟುಕು ಗಂಟಲಿಗಿಳಿಯುವಾಗ ಹೆಂಡತಿ ನೀಲವ್ವನ ದನಿ: "ಈರಸಂಗಪ್ಪಾ... ಏ ಈರಸಂಗಪ್ಪಾ..."

ಅವನು ಬೆಚ್ಚಿದ. ಗಂಡನ ಹೆಸರು ಹೇಳಬಾರದೆಂದು ಮದುವೆಯಾದಾಗಿನಿಂದ ಬರೀ "ಏನ್ರೀ" ಎಂದೇ ಕರೆದವಳು! ಸಿಟ್ಟಿಗೆ ಕರೆದಳೋ, ಅಕ್ಕರೆಗೋ? ತಿಳಿಯಲೆಂದು ಇನ್ನೊಂದು ಗುಟುಕು ಕುಡಿದ. ಹೆಸರಿನ ಹಿಂದೆಯೇ ಅವಳು ಒಬ್ಬಳೇ ನಕ್ಕದ್ದು ಕೇಳಿಸಿತು.

"ಹೆಂಗೈತ್ರಿ ಯಜಮಾನ್ರ?" ವ್ಯಾಪಾರಿ ಕೇಳಿದ.

"ಹುಳಿ ಆಗೈತ್ರಿ," ಎಂದು ಈರಸಂಗಪ್ಪ ಬಿರಡೆ ಬಿಗಿದ. "ಇದನ್ನ ಮಾರಂಗಿಲ್ಲ."