ಮೂರನೆಯ ಕೂಗು

ಬಾಯಿಪಾಠ ಮಾಡಿಕೊಂಡು ಬಂದಿದ್ದರೂ ಕಟಕಟೆಯಲ್ಲಿ ನಿಂತಾಗ ಆ ಮಾತು ಹೊರಡುತ್ತದೆಯೇ? 'ಒಳಕೋಣೆಗೂ ನನ್ನ ತಂಗಿಗೂ ಯಾವ ಸಂಬಂಧವೂ ಇಲ್ಲ.' ಒಂದೇ ಸಾಲು. ಬೆಳಿಗ್ಗೆ ಹಲ್ಲುಜ್ಜುವಾಗ ಹೇಳಿ ನೋಡಿದ್ದ, ಬಸ್ಸಿನಲ್ಲಿ ತುಟಿ ಅಲ್ಲಾಡಿಸಿ ನೋಡಿದ್ದ. ಕೋರ್ಟಿನ ಹಜಾರದಲ್ಲಿ ಕೂತ ಬಡಗಿಗೆ ಈಗ ಅದು, ಗಂಟುಮರಕ್ಕೆ ಹೊಡೆದ ಮೊಳೆಯ ಹಾಗೆ, ಪ್ರತಿಸಲ ಅರ್ಧಕ್ಕೇ ಬಾಗುತ್ತಿತ್ತು.

ಅಪ್ಪನ ಕಾಲದ ಮಳಿಗೆ. ಮುಂಭಾಗದಲ್ಲಿ ಅವನು ಕುರ್ಚಿಯ ಚೌಕಟ್ಟು ಮಾಡುತ್ತಿದ್ದ. ಒಳಕೋಣೆಯಲ್ಲಿ ತಂಗಿ ಅದಕ್ಕೆ ಬೆತ್ತ ಹೆಣೆಯುತ್ತಿದ್ದಳು. ಅಪ್ಪ ಹೋದಮೇಲೆ, ಹೊಸ ಯಂತ್ರಕ್ಕೆ ಆ ಕೋಣೆ ಬೇಕು ಎಂದ. "ಕೇಳ್ತಿದೀಯೋ, ಅಪ್ಪಣೆ ಕೊಡ್ತಿದೀಯೋ?" ಎಂದಳು. ಮಾತಿಗೆ ಮಾತು ಬೆಳೆದು ಅವನು ದಾವಾ ಹೂಡಿದ. ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಚೌಕಟ್ಟುಗಳು ಮಾತ್ರ ಬಾಗಿಲಾಚೆ ಹೋಗಿ, ಹೆಣೆಸಿಕೊಂಡು ವಾಪಸು ಬರುತ್ತಿದ್ದವು.

"ನಂಗೆ ಮೇಲಿನ ಹಾಲಲ್ಲಿ ಇನ್ನೊಂದು ಕೇಸಿದೆ, ಬಂದ್ಬಿಡ್ತೀನಿ," ಎಂದ ವಕೀಲ. "ಇವತ್ತಿಂದ ಸಾಕ್ಷಿ ವಿಚಾರಣೆ. ಕೂಗಿದ ತಕ್ಷಣ ಒಳಗೆ ಹೋಗಿ ನಿಂತ್ಕೊಳ್ಳಿ. ನಿಮ್ಮ ತಂಗಿ ಬಂದು ನೀವು ಇಲ್ದೇ ಹೋದ್ರೆ, ವಿಚಾರಣೆ ಶುರುವಾಗೋ ಮುಂಚೇನೇ ದಾವಾ ವಜಾ. ಆಮೇಲೆ ನನ್ನ ಬಯ್ಬೇಡಿ."

ಅವನು ತಲೆಯಾಡಿಸಿದ. ಅಷ್ಟರಲ್ಲಿ ತಂಗಿ ಬಂದಳು. ಇವನತ್ತ ನೋಡದೆ ಸೀದಾ ಒಳಗೆ ಹೋದಳು. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಬೆತ್ತದ ಸೀಳು ಕೊಯ್ದಾಗಲೆಲ್ಲ ಆ ಬಟ್ಟೆಗೆ ಗಂಟು ಹಾಕುತ್ತಿದ್ದವನು ಅವನೇ, ಅವಳು ಲಂಗ ಹಾಕುತ್ತಿದ್ದ ಕಾಲದಿಂದಲೂ. ಇದು ಹಲ್ಲಿನಲ್ಲಿ ಕಚ್ಚಿ ಎಳೆದುಕೊಂಡ ಗಂಟು. ಆಗಲೇ ಸಡಿಲವಾಗಿತ್ತು.

ಜವಾನ ಹೊಸ್ತಿಲಿಗೆ ಬಂದು ಅವನ ಹೆಸರು ಕೂಗಿದ. ತೆರೆದ ಬಾಗಿಲಿನ ಹಿಂದೆ, ಮರೆಯಲ್ಲಿ, ಅವನು ಎದ್ದು ನಿಲ್ಲಲು ಮೊಣಕಾಲಿನ ಮೇಲೆ ಕೈಯೂರಿದ. ಎರಡನೆಯ ಕೂಗು. ಊರಿದ ಕೈ ಅಲ್ಲೇ ಇತ್ತು. ಮೂರನೆಯ ಕೂಗು ಹಜಾರದ ಕೊನೆಯವರೆಗೂ ಹೋಗಿ, ಗೋಡೆಗೆ ಬಡಿದು, ಮರಳಿ ಬಂತು. ಅವನು ಕೈ ತೆಗೆದು ಬೆಂಚಿಗೆ ಒರಗಿಕೊಂಡ. ಇಷ್ಟು ಹಗುರಾದ ಮೌನವನ್ನು ಅವನು ಈ ಒಂದು ವರ್ಷದಲ್ಲಿ ಕಂಡಿರಲಿಲ್ಲ.

ಸ್ವಲ್ಪ ಹೊತ್ತಿಗೆ ತಂಗಿ ಹೊರಗೆ ಬಂದಳು. ಬಾಗಿಲ ಹಿಂದೆ ಅವನನ್ನು ಕಂಡು ದಂಗಾದಳು.

"ಅಯ್ಯೋ ಪುಣ್ಯಾತ್ಮಾ! ಇಲ್ಲೇ ಕಂಬದ ಥರ ಕೂತಿದೀಯಾ? ಆ ಪಾಟಿ ಕೂಗಿದ್ರು! ವಾದಿ ಇಲ್ಲ ಅಂತ ಕೇಸೇ ವಜಾ ಮಾಡ್ಬಿಟ್ರು!"

ವರ್ಷದ ಮೇಲೆ ಕೇಳಿದ ಮೊದಲ ಮಾತು ಬೈಗುಳ. ಅವನು ಕಿವಿಗೆ ಕೈ ಅಡ್ಡ ಇಟ್ಟು, "ಆಂ?" ಎಂದ.

ಅವಳ ಮುಖದಲ್ಲಿದ್ದ ಸಿಟ್ಟು ತಟ್ಟನೆ ಇಳಿಯಿತು. "ಕಿವಿ ಹೋಗಿದ್ಯೇನೋ ಅಣ್ಣ? ಆ ದರಿದ್ರ ಗರಗಸದ ಸದ್ದಿಗೆ ಹತ್ತಿ ಇಟ್ಕೋ ಅಂತ ಎಷ್ಟು ಬಡ್ಕೊಂಡೆ!"

ವಕೀಲ ಏದುಸಿರು ಬಿಡುತ್ತ ಓಡಿಬಂದ. "ಯೋಚ್ನೆ ಮಾಡ್ಬೇಡಿ. ಸರಿಯಾದ ಕಾರಣ ತೋರ್ಸಿ ಅರ್ಜಿ ಹಾಕಿದ್ರೆ ಕೇಸು ಮತ್ತೆ ಎದ್ದು ಕೂರುತ್ತೆ."

"ಹಾಕಿ. ಇವನಿಗೆ ಕಿವಿ ಕೇಳ್ಸಲ್ಲ ಅಂತ ನಾನೇ ಸಾಕ್ಷಿ ಹೇಳ್ತೀನಿ," ಎಂದಳು ತಂಗಿ.

"ನೀವು ಪ್ರತಿವಾದಿ ಕಣಮ್ಮಾ!"

"ಆದ್ರೇನೀಗ? ಕಿವುಡ ಕಿವುಡನೇ."

ವಕೀಲ ಬಡಗಿಯ ಕಡೆ ತಿರುಗಿದ. "ಏನ್ರೀ, ಅರ್ಜಿ ಹಾಕೋಣ್ವಾ?"

"ಆಂ?" ಎಂದ ಬಡಗಿ.

ಮತ್ತೆ ಮತ್ತೆ ಕೇಳಿ ವಕೀಲ ಸೋತುಹೋದ. ಅಣ್ಣ ತಂಗಿ ಒಂದೇ ಬಸ್ಸು ಹತ್ತಿದರು.

ಅಂದಿನಿಂದ ಒಳಕೋಣೆಯಿಂದ ಅವಳು ಕಿರುಚಿಯೇ ಮಾತಾಡುತ್ತಾಳೆ. ಇಡೀ ಬೀದಿಗೆ ಅವರ ಮನೆವಾರ್ತೆ ಕೇಳುತ್ತದೆ. ಅವನು ಒಮ್ಮೊಮ್ಮೆ ಬೇಕೆಂದೇ ಎರಡನೆಯ ಸಲ ಹೇಳಿಸುತ್ತಾನೆ. ಹಜಾರದ ಆ ಮೂರು ಕೂಗೂ ತನಗೆ ಸ್ಪಷ್ಟವಾಗಿ ಕೇಳಿಸಿದ್ದವು ಎಂದು ಮಾತ್ರ ಅವಳಿಗೆ ಹೇಳಲೇ ಇಲ್ಲ.