ಅಕ್ಕನ ಹೇರ್‌ಪಿನ್ನು

ಮರ ಕೊಯ್ಯುವ ಮಷಿನ್ನಿನ ಸುಟ್ಟ ಎಣ್ಣೆಯ ವಾಸನೆ ಬಂದರೆ ಇವತ್ತಿಗೂ ನನ್ನ ಕೈ ತಾನಾಗಿಯೇ ತಲೆಗೂದಲಿಗೆ ಹೋಗುತ್ತದೆ.

ನಮ್ಮೂರು ತಡಸದ ಸುತ್ತಮುತ್ತ ಮರ ಕೊಯ್ಯುವುದು ಅಪ್ಪನ ಕೆಲಸವಾಗಿತ್ತು. ಅಕ್ಕ ಜ್ವರದಿಂದ ತೀರಿಕೊಂಡ ಮೇಲೆ ಎರಡು ತಿಂಗಳು ಮಷಿನ್ನು ಮೂಲೆಯಲ್ಲೇ ಬಿದ್ದಿತ್ತು. ಅವತ್ತು ಮಧ್ಯಾಹ್ನ ಅಪ್ಪ ಅದನ್ನು ಕಟ್ಟೆಯ ಮೇಲಿಟ್ಟು, ಚೈನನ್ನು ಕೈಯಿಂದ ಮೆಲ್ಲಗೆ ತಿರುಗಿಸಿದ. ಅರ್ಧ ಸುತ್ತು ಸಲೀಸಾಗಿ ಓಡಿ ಆಮೇಲೆ ಬಿಗಿದುಕೊಂಡಿತು. ನಟ್ಟು ಸಡಿಲಿಸಿದರೆ ಉಳಿದ ಕಡೆ ಜೋತುಬೀಳುತ್ತಿತ್ತು.

“ಒಂದ ಕಡೆ ಬಿಗಿ, ಒಂದ ಕಡೆ ಸಡ್ಲ. ಗಾಲಿ ಹಲ್ಲಾಗ ಹೊಟ್ಟು ಕುಂತೈತಿ,” ಎಂದು ಗೊಣಗಿ, ತಲೆಯೆತ್ತದೆ ಹೊಸ್ತಿಲ ಕಡೆ ಕೈ ಚಾಚಿದ. “ಪಿನ್ ಕೊಡವಾ.”

ಮರದ ಹೊಟ್ಟು ಕೆದಕಲು ಅವನು ಯಾವಾಗಲೂ ಅಕ್ಕನ ತಲೆಯ ಪಿನ್ನನ್ನೇ ಇಸಿದುಕೊಳ್ಳುತ್ತಿದ್ದ. “ಎಣ್ಣಿ ಹಚ್ಚಬ್ಯಾಡಪಾ,” ಎಂದು ಅವಳು ಮುಖ ಊದಿಸಿಕೊಂಡೇ ಕೊಡುತ್ತಿದ್ದಳು. ಈಗ ಹೊಸ್ತಿಲಲ್ಲಿ ಕೂತಿದ್ದವಳು ನಾನು, ಹುಡುಗರ ಹಾಗೆ ಕೂದಲು ಕತ್ತರಿಸಿಕೊಂಡವಳು.

ಒಳಗೆ ಜೋಳ ಹಸನು ಮಾಡುತ್ತಿದ್ದ ಅವ್ವನ ಮೊರದ ಸದ್ದು ನಿಂತಿತು.

ನಾನು ಗೋಡೆಯ ಗೂಡಿನಿಂದ ಅಕ್ಕನ ಪಿನ್ನು ತಂದು ಅಪ್ಪನ ಮುಂದೆ ಹಿಡಿದೆ. ಅದಕ್ಕೆ ಉದ್ದನೆಯ ಕೂದಲೊಂದು ಸುತ್ತಿಕೊಂಡಿತ್ತು. ಅಪ್ಪ ಅದನ್ನೇ ನೋಡಿದ. ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ.

“ಇದ್ದಲ್ಲೇ ಇಟ್ ಬಾ ತಂಗಿ. ಎಣ್ಣಿ ಹತ್ತತೈತಿ.”

ಹೊಟ್ಟನ್ನೆಲ್ಲ ಉಗುರಿನಿಂದಲೇ ಕೆದಕಿ ತೆಗೆದ. ಸಂಜೆಯ ಹೊತ್ತಿಗೆ ಚೈನು ಸುತ್ತಲೂ ಒಂದೇ ಸಮ ಓಡಿತು. ಊಟಕ್ಕೆ ಕೂತಾಗ ಅವನು ಮುರಿದ ರೊಟ್ಟಿಗೆ ಉಗುರ ಸಂದಿನ ರಕ್ತ ಹತ್ತಿತು. ಅವ್ವ ಅದನ್ನು ತೆಗೆದು ಇನ್ನೊಂದು ರೊಟ್ಟಿ ಹಾಕಿದಳು.