ಗೋತಿಯೆ ದೊರೆಯ ಇಬ್ಬರು ಹೆಂಡಿರು

‘ಅವಳು ನಿದ್ದೆಯಲ್ಲಿ ನಗುತ್ತಿದ್ದಳು’ ಎಂಬ ಸಾಲಿಗೆ ಬಂದಾಗ ಪ್ರೇಮಲೀಲಾಳ ಬೆರಳು ಕೀಬೋರ್ಡಿನ ಮೇಲೆ ನಿಂತುಬಿಟ್ಟಿತು.

ನಿದ್ದೆಯಲ್ಲಿ ನಗುವುದು ಪಕ್ಕದಲ್ಲಿ ಮಲಗಿದವನಿಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು?

ಗಂಡ ಮಹದೇವಪ್ರಸಾದ್ ನಿವೃತ್ತ ಚರಿತ್ರೆ ಮೇಷ್ಟ್ರು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಕಂಪ್ಯೂಟರ್ ನೋಡಲಾಗದು. ಅವರು ಕೈಯಲ್ಲಿ ಗೀಚುವುದು, ಇವಳು ಟೈಪ್ ಮಾಡುವುದು. ಬರೆಯುತ್ತಿದ್ದದ್ದಾದರೂ ಎಂಥವನ ಕಥೆ! ಇಲ್ಲಿ ಕಲ್ಯಾಣದಲ್ಲಿ ಶರಣರಿದ್ದ ಕಾಲಕ್ಕೆ ಫ್ರಾನ್ಸಿನಲ್ಲಿ ಒಂದು ಪುಟ್ಟ ಕೋಟೆ ಇಟ್ಟುಕೊಂಡಿದ್ದ ಗೋತಿಯೆ ಎಂಬ ದೊರೆಯದು. ಮೈಸೂರಿನ ಕೆಸರೆಯಲ್ಲಿ ಕೂತು ಅವನ ಸಂಸಾರದ ಉಸಾಬರಿ ನಿಮಗ್ಯಾಕೆ ಎಂದವರಿಗೆ ಮೇಷ್ಟ್ರು ನಗುತ್ತಲೇ ಉತ್ತರಿಸುತ್ತಿದ್ದರು: “ಅವನೂ ನಮ್ಮ ಹಾಗೇ ಮಠದ ಭಕ್ತ ಕಣ್ರೀ.”

ಅದು ನಿಜ. ದೊರೆ ಅಲ್ಲಿನ ಮಠಕ್ಕೆ ಹೊಲವನ್ನೋ ತೋಟವನ್ನೋ ಬರೆದುಕೊಟ್ಟಾಗಲೆಲ್ಲ ದಾನಪತ್ರದಲ್ಲಿ ಹೆಂಡತಿಯ ಒಪ್ಪಿಗೆಯೂ ಇರಬೇಕಿತ್ತು. ಪತ್ರದಲ್ಲಿ ಹೆಸರಿರುವ ತನಕ ಅವಳು ಬದುಕಿದ್ದಾಳೆ, ಹೆಸರು ಮಾಯವಾದರೆ ತೀರಿಕೊಂಡಳು, ಅಷ್ಟೇ. ಮೊದಲ ಹೆಂಡತಿ ಆಲಿಸ್ ಇಪ್ಪತ್ತೆರಡು ವರ್ಷಗಳ ಪತ್ರಗಳಲ್ಲಿದ್ದಳು. ಎರಡನೆಯವಳು ಮಾರ್ಗರೆಟ್, ಒಂದೇ ಒಂದು ಪತ್ರದಲ್ಲಿ; ಕೆಲವೇ ತಿಂಗಳ ಮೇಲಿನ ಪತ್ರದಲ್ಲಿ ಅವಳ ಹೆಸರಿಲ್ಲ. ಹೆಸರು ಬಿಟ್ಟರೆ ಇಬ್ಬರ ಬಗ್ಗೆಯೂ ಎಲ್ಲಿಯೂ ಒಂದಕ್ಷರ ಇರಲಿಲ್ಲ. ಮಿಕ್ಕಿದ್ದೆಲ್ಲ ಮೇಷ್ಟ್ರ ಊಹೆ.

ಆ ಊಹೆಯೇ ಪ್ರೇಮಲೀಲಾಳ ಹೊಟ್ಟೆಗೆ ಬೆಂಕಿ ಇಟ್ಟದ್ದು. ಆಲಿಸಳಿಗೆ ಹನ್ನೆರಡು ಪುಟ. ಹಿಟ್ಟು ನಾದುವಾಗ ತನಗೇ ತಿಳಿಯದೆ ಏನೋ ಗುನುಗುತ್ತಿದ್ದಳಂತೆ. ಮೆಟ್ಟಿಲಿಳಿಯುವಾಗ ಹಿಂದೆ ತಿರುಗಿ ನೋಡದೆಯೇ ಗಂಡನಿಗೆ ಕೈ ಚಾಚುತ್ತಿದ್ದಳಂತೆ. ಈಗ ನಿದ್ದೆಯಲ್ಲಿ ನಗುವುದು ಬೇರೆ. ಮಾರ್ಗರೆಟ್‌ಗೆ ಸಿಕ್ಕಿದ್ದು ಒಂದೇ ಸಾಲು: ‘ಅವಳ ಮನಸ್ಸು ದೊರೆಗೆ ಕೊನೆಗೂ ತಿಳಿಯಲಿಲ್ಲ.’

ಮೇಷ್ಟ್ರಿಗೂ ಇಬ್ಬರು ಹೆಂಡಿರು. ಮೊದಲನೆಯವಳು ಸುಮಾ, ಮದುವೆಯಾಗಿ ವರ್ಷ ತುಂಬುವ ಮೊದಲೇ ಕಾಮಾಲೆಯಿಂದ ಹೋದವಳು. ನಡುಮನೆಯ ಪಟದಲ್ಲಿ ಅವಳಿಗೆ ಇವತ್ತಿಗೂ ಇಪ್ಪತ್ತನಾಲ್ಕೇ. ಪ್ರತಿ ಸೋಮವಾರ ಆ ಪಟ ಒರೆಸಿ ಹೂವಿಡುವ ಪ್ರೇಮಲೀಲಾಳ ತಲೆ ಮಾತ್ರ ನರೆಯುತ್ತ ಬಂದಿತ್ತು. ಬದುಕಿರುವ ಸವತಿಯಾಗಿದ್ದರೆ ಜುಟ್ಟು ಹಿಡಿದು ಜಗಳವಾಡಬಹುದು. ಪಟದೊಳಗಿನವಳ ಜುಟ್ಟು ಹಿಡಿಯುವುದು ಹೇಗೆ?

ತಡೆಯಲಾರದೆ ಕೇಳಿಯೇಬಿಟ್ಟಳು. “ಈ ಆಲಿಸ್ ಯಾರನ್ನ ನೋಡಿ ಬರ್ದಿದ್ದು?”

ಕಪ್ಪು ಕನ್ನಡಕದ ಹಿಂದೆ ಮೇಷ್ಟ್ರು ನಾಚಿಕೊಂಡರು. “ಗೊತ್ತಿಲ್ದೋಳ ಹಾಗೆ ಕೇಳ್ತೀಯಲ್ಲ. ಮನೇಲೇ ಇದ್ದಾಳಲ್ಲ.”

ಅವಳ ಕಣ್ಣು ನೇರವಾಗಿ ಪಟಕ್ಕೆ ಹೋಯಿತು.

“ಮತ್ತೆ ಮಾರ್ಗರೆಟ್?”

“ಪಾಪ, ಅವಳ ವಿಚಾರ ಏನು ಬರೀಲಿ ಹೇಳು.”

ಪಾಪವಂತೆ! ಇಷ್ಟು ವರ್ಷ ಬೇಯಿಸಿ ಹಾಕಿ, ಮಗಳು ಲಾಸ್ಯಳನ್ನು ಹೆತ್ತು ಸಾಕಿ, ಹೊತ್ತು ಹೊತ್ತಿಗೆ ಕಣ್ಣಿಗೆ ಔಷಧಿ ಬಿಟ್ಟವಳಿಗೆ ಗಂಡನ ಮನಸ್ಸಿನಲ್ಲಿ ಒಂದೇ ಸಾಲಿನ ಜಾಗ. ಎಂಟೊಂಬತ್ತು ನೂರು ವರ್ಷದ ಹಿಂದೆ ಸತ್ತ ಮಾರ್ಗರೆಟ್ ಮೇಲೆ ಪ್ರೇಮಲೀಲಾಳಿಗೆ ಒಡಹುಟ್ಟಿದವಳ ಮೇಲಿನಷ್ಟು ಮರುಕ ಬಂತು. ಎರಡನೆಯವಳ ಸಂಕಟ ಎರಡನೆಯವಳಿಗೇ ಗೊತ್ತು.

ಆಲಿಸಳ ಪತ್ರಗಳನ್ನು, ಇಸವಿಗಳನ್ನು ಅವಳು ಮುಟ್ಟಲಿಲ್ಲ, ಚರಿತ್ರೆಗೆ ಅಪಚಾರವಾಗಬಾರದು. ಗುನುಗು, ಚಾಚಿದ ಕೈ, ನಿದ್ದೆಯ ನಗು ಇದ್ದ ಹನ್ನೆರಡು ಪುಟಗಳನ್ನು ಮಾತ್ರ ಎತ್ತಿ ಮಾರ್ಗರೆಟಳ ಅಧ್ಯಾಯಕ್ಕೆ ಹಾಕಿ ಹೆಸರು ಬದಲಿಸಿದಳು. ಆ ಬಡಪಾಯಿ ಸಾಲನ್ನು ಆಲಿಸಳ ಪಾಲಿಗೆ ತಳ್ಳಿದಳು. ಬಹಳ ದಿನಗಳ ಮೇಲೆ ಹೊಟ್ಟೆಯ ಉರಿ ತಣ್ಣಗಾಯಿತು.

“ಪ್ರೂಫ್ ಒಂದ್ಸಲ ಓದಿ ಹೇಳ್ಲಾ?” ಎಂದು ಮಾತಿಗೆ ಕೇಳಿದಳು.

“ನೀನು ನೋಡಿದ್ರೆ ನಾನು ನೋಡ್ದಂಗೇ ಕಣೆ. ಕುಮಾರಸ್ವಾಮಿಗೆ ಕಳಿಸ್ಬುಡು.”

ಅಶೋಕಪುರಂನಲ್ಲಿ ಪ್ರೆಸ್ ಇಟ್ಟಿದ್ದ ಕುಮಾರಸ್ವಾಮಿ ಮೇಷ್ಟ್ರ ಹಳೆಯ ಶಿಷ್ಯ. ಗುರುಗಳ ಪುಸ್ತಕವೆಂದು ತಿಂಗಳೊಳಗೆ ಐನೂರು ಪ್ರತಿ ಅಚ್ಚು ಹಾಕಿದ. ಮಠದ ಗ್ರಂಥಾಲಯಗಳಿಗೆ, ನೆಂಟರಿಷ್ಟರಿಗೆ ತಾನೇ ರವಾನಿಸಿ, ಉಳಿದದ್ದನ್ನು ಆಟೋದಲ್ಲಿ ಮನೆಗೆ ಕಳಿಸಿದ.

ಕಟ್ಟು ಬಿಚ್ಚಿದವಳು ಲಾಸ್ಯ. ನಿಂತಲ್ಲೇ ನಾಲ್ಕು ಪುಟ ತಿರುವಿ ಗೊಳ್ಳನೆ ನಕ್ಕಳು.

“ಅಪ್ಪ, ಅಮ್ಮನ ಮರ್ಯಾದೆ ತೆಗ್ದ್ಬುಟ್ರಲ್ಲ! ನಿದ್ದೇಲಿ ನಗೋದನ್ನೂ ಬರೀಬೇಕಿತ್ತಾ?”

ಪ್ರೇಮಲೀಲಾ ಅಡುಗೆಮನೆಯಿಂದ ಬಂದಳು. “ಯಾರು ನಿದ್ದೇಲಿ ನಗೋದು?”

“ನೀನೇ ಕಣಮ್ಮ. ನಿನ್ನ ಪಕ್ಕ ಮಲಗ್ದಾಗೆಲ್ಲ ನಂಗೆ ಎಚ್ಚರ ಆಗುತ್ತೆ. ನಿಂಗೆ ಹೇಗೆ ಗೊತ್ತಾಗ್ಬೇಕು, ನೀನು ನಿದ್ದೇಲಿರ್ತೀಯ.” ಲಾಸ್ಯ ಮತ್ತೆ ಪುಟ ನೋಡಿ ಹುಬ್ಬುಗಂಟಿಕ್ಕಿದಳು. “ಆದ್ರೆ ಅಪ್ಪ, ಬರೀವಾಗ ನೀವು ನಂಗೆ ಹೇಳಿದ್ದು ಆಲಿಸ್ ಅಂತ ಅಲ್ವಾ? ಇಲ್ಲಿ ಮಾರ್ಗರೆಟ್ ಅಂತಿದೆ.”

ಮೇಷ್ಟ್ರು ಪುಸ್ತಕ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದರು. ಓದಿದರು. ಮತ್ತೊಮ್ಮೆ ಓದಿದರು.

“ಮಾರ್ಗರೆಟ್ ಆ ಮನೇಲಿ ಇದ್ದದ್ದೇ ಕೆಲವು ತಿಂಗಳು, ನಮ್ಮ ಸುಮಾ ಥರ. ಸುಮಾ ನಿದ್ದೇಲಿ ನಗ್ತಿದ್ಲೋ ಅಳ್ತಿದ್ಲೋ, ನಂಗೆ ಗೊತ್ತಾಗೋ ಮೊದ್ಲೇ ಹೋಗ್ಬಿಟ್ಲು.” ಅವರು ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು. “ಆಲಿಸ್ ಇದ್ದದ್ದು ಇಪ್ಪತ್ತೆರಡು ವರ್ಷ. ಪ್ರೇಮಾ, ನಮ್ಮ ಮದುವೆಯಾಗಿ ಎಷ್ಟಾಯ್ತು?”

ಇಪ್ಪತ್ತೆರಡು ವರ್ಷದ ತನ್ನ ಬಾಳನ್ನು, ಐನೂರು ಪ್ರತಿಗಳಲ್ಲಿ, ಪ್ರೇಮಲೀಲಾ ತನ್ನ ಕೈಯಾರೆ ಸವತಿಗೆ ಧಾರೆಯೆರೆದು ಕೊಟ್ಟಿದ್ದಳು.